ಪುಟ್ಟಮಾದಯ್ಯನವರ ವಯಸ್ಸಿನ ಪೆಟ್ಟಿಗೆ

ಆ ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಶರ್ಫುನ್ನೀಸಾ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಿಕೊಂಡು ಬಂದಾಗ, ಡಾಕ್ಟರ್ ಪುಟ್ಟಮಾದಯ್ಯನವರು ಮೊಸರು ಕೊಟ್ಟು ಸುಮ್ಮನೆ ಕಳಿಸಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅವರಿಗೆ ಸುಮ್ಮನಿರುವ ಅಭ್ಯಾಸವಿರಲಿಲ್ಲ. "ಬನ್ನಿ ಅಮ್ಮ, ಒಂದ್ನಿಮಿಷ ಇದರೊಳಗೆ ಕಣ್ಣಿಟ್ಟು ನೋಡಿ" ಎಂದು ಆಕೆಯನ್ನು ಊಟದ ಮೇಜಿನ ಮೇಲಿದ್ದ ಕಪ್ಪು ಪೆಟ್ಟಿಗೆಯ ಮುಂದೆ ಕೂರಿಸಿದರು.

ಶರ್ಫುನ್ನೀಸಾಗೆ ಎಪ್ಪತ್ತೆರಡು ವರ್ಷ. ಚನ್ನಪಟ್ಟಣದ ಆ ಗಲ್ಲಿಯಲ್ಲಿ ಬೊಂಬೆಗೆ ಬಣ್ಣ ಹಾಕುತ್ತಲೇ ಬೆನ್ನು ಬಗ್ಗಿಸಿಕೊಂಡವರು. "ಕಣ್ಣು ಸುಟ್ಟುಗಿಟ್ಟು ಹೋಗಲ್ಲ ತಾನೆ ಸಾಬ್?" ಎನ್ನುತ್ತ, ಮೊಸರಿನ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಪೆಟ್ಟಿಗೆಯ ಕಿಂಡಿಗೆ ಮುಖ ಒತ್ತಿದರು. ಒಳಗೆ ಮಿಂಚು ಹೊಡೆದಂತಾಯಿತು. ಬಸ್ ನಿಲ್ದಾಣದಲ್ಲಿ ಮೈಸೂರು ಬಸ್ಸು ಬಂತೆಂದು ಕೂಗುವ ಹೆಂಗಸಿನ ದನಿಯಲ್ಲಿ ಪೆಟ್ಟಿಗೆ ಹೇಳಿತು: "ನಿಮ್ಮ ದೇಹದ ವಯಸ್ಸು ಇಪ್ಪತ್ತೇಳು. ಧನ್ಯವಾದಗಳು."

ಪುಟ್ಟಮಾದಯ್ಯನವರು ಇನ್ನೊಮ್ಮೆ ನೋಡಿಸಿದರು. ಇಪ್ಪತ್ತೇಳು. ಇನ್ನೊಂದು ಕಣ್ಣು ನೋಡಿಸಿದರು. ಇಪ್ಪತ್ತೇಳೇ.

"ಏನ್ ಸಾಬ್, ನಿಮ್ ಮಿಶೀನ್ ಮಶ್ಕಿರಿ ಮಾಡ್ತೈತಾ?" ಎಂದು ಶರ್ಫುನ್ನೀಸಾ ನಕ್ಕರು. ಆದರೂ ಎದ್ದು ಹೋಗುವಾಗ ಬೆನ್ನು ಒಸಿ ನೆಟ್ಟಗಾಗಿತ್ತು. ಬಟ್ಟಲು ಅಲ್ಲೇ ಉಳಿಯಿತು.

ಪುಟ್ಟಮಾದಯ್ಯನವರು ಮುಪ್ಪಿನ ವಿಜ್ಞಾನಿ. ಮುಪ್ಪು ಏಕೆ ಬರುತ್ತದೆ, ಅದನ್ನು ತಡೆಯುವುದು ಹೇಗೆ ಎಂದು ಹಾರೋಹಳ್ಳಿ ಹತ್ತಿರದ ಒಂದು ಖಾಸಗಿ ಸಂಶೋಧನಾ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಯೋಚಿಸುತ್ತ ಬಂದಿದ್ದರು. ಯೋಚಿಸಲು ಶುರುಮಾಡಿದಾಗ ಅವರ ತಲೆಯಲ್ಲಿ ಕೂದಲಿತ್ತು. ಅಲ್ಲಿ ಅವರು ಸಾಕುತ್ತಿದ್ದುದು ಎಳ್ಳಿನ ಕಾಳಿಗಿಂತ ಚಿಕ್ಕದಾದ ಒಂದು ಹುಳು. ಅದರ ಆಯುಸ್ಸು ಮೂರು ವಾರ. ಪುಟ್ಟಮಾದಯ್ಯನವರ ಆರೈಕೆಯಲ್ಲಿ ಅದು ಮೂರು ವಾರದ ಮೇಲೆ ಎರಡು ದಿನ ಬದುಕಿತು. ಆ ಎರಡು ದಿನಗಳ ಬಲದ ಮೇಲೆ ಅವರು ಡಾಕ್ಟರಾದರು, ಜರ್ಮನಿಗೆ ಹೋಗಿಬಂದರು, ಮಹಡಿ ಮನೆ ಕಟ್ಟಿದರು. ಹುಳು ಆ ಎರಡು ದಿನ ಏನು ಮಾಡಿತು ಎಂದು ಮಾತ್ರ ಯಾರೂ ಕೇಳಲಿಲ್ಲ.

ಗಲ್ಲಿಯ ಜನಕ್ಕೆ ಡಾಕ್ಟರೆಂದರೆ ಡಾಕ್ಟರೇ. ಜ್ವರಕ್ಕೆ ಮಾತ್ರೆ ಕೇಳಿಕೊಂಡು ಬರುತ್ತಿದ್ದರು. "ನಾನು ಆ ಡಾಕ್ಟರಲ್ಲ" ಎಂದು ಪುಟ್ಟಮಾದಯ್ಯನವರು ಗತ್ತಿನಿಂದ ಹೇಳುತ್ತಿದ್ದರು. ಹಾಗಾದರೆ ಯಾವ ಡಾಕ್ಟರ್ ಎಂದು ಕೇಳಿದರೆ ಅರ್ಧ ಗಂಟೆ ವಿವರಿಸುತ್ತಿದ್ದರು. ಅಷ್ಟರಲ್ಲಿ ಬಂದವರ ಜ್ವರ ತಾನೇ ಇಳಿದಿರುತ್ತಿತ್ತು.

ಈಚೆಗೆ ಹುಳುವಿನ ಕಾಲ ಮುಗಿದಿತ್ತು. "ಮನುಷ್ಯರಿಗೆ ಉಪಯೋಗ ಆಗೋದು ಏನಾದರೂ ಮಾಡ್ರೀ" ಎಂದು ಕೇಂದ್ರದ ನಿರ್ದೇಶಕ ಡಾ. ಪಟ್ಟಾಭಿರಾಮ್ ತಾಕೀತು ಮಾಡಿದ್ದರು. ಅದರ ಫಲವೇ ಈ ಪೆಟ್ಟಿಗೆ. ಕಣ್ಣೊಳಗೆ ಬೆಳಕು ಬಿಟ್ಟು, ಅಲ್ಲಿನ ನರ, ನಾಳ, ಮಸೂರ ಎಲ್ಲವನ್ನೂ ನೋಡಿ, ಹುಟ್ಟಿದ ತಾರೀಕು ಏನೇ ಇರಲಿ, ದೇಹ ನಿಜಕ್ಕೂ ಎಷ್ಟು ಮುಪ್ಪಾಗಿದೆ ಎಂದು ಹೇಳುವ ಯಂತ್ರ. ಪಟ್ಟಾಭಿರಾಮರಿಗೆ ಎಪ್ಪತ್ತು ದಾಟಿತ್ತು. ಇರಿ ಇರಿ ಎಂದು ಕೇಂದ್ರ ನಡೆಸುವ ಟ್ರಸ್ಟಿನವರು ಒತ್ತಾಯಿಸುತ್ತಿದ್ದರೂ, ವಯಸ್ಸಾಯಿತು, ಈ ತಿಂಗಳಿಗೆ ಸಾಕು ಎಂದು ಅವರೇ ತೀರ್ಮಾನ ಮಾಡಿದ್ದರು. ಮೈಸೂರಿನಿಂದ ವಾಪಸಾಗುವಾಗ ಈ ಸಂಜೆ ಚನ್ನಪಟ್ಟಣದಲ್ಲಿ ಇಳಿದು ಪೆಟ್ಟಿಗೆಯನ್ನು ನೋಡುವವರಿದ್ದರು. ನೋಡಿ ಮೆಚ್ಚಿದರೆ ಮುಂದಿನ ನಿರ್ದೇಶಕರು ಪುಟ್ಟಮಾದಯ್ಯನವರೇ. ಆ ಕುರ್ಚಿಗಾಗಿ ಅವರು ಎಂಟು ವರ್ಷದಿಂದ ಕಾದಿದ್ದರು. ಅದರ ಹಿಂದಿನ ಗೋಡೆಗೆ ಯಾವ ಬಣ್ಣ ಹೊಡೆಸಬೇಕೆಂಬುದೂ ನಿಶ್ಚಯವಾಗಿತ್ತು.

ಶರ್ಫುನ್ನೀಸಾ ಹೋದ ಮೇಲೆ ಅವರು ಪೆಟ್ಟಿಗೆಯೊಳಗೆ ತಮ್ಮದೇ ಕಣ್ಣಿಟ್ಟರು. ಐವತ್ತನಾಲ್ಕು ವರ್ಷದ ವಿಜ್ಞಾನಿ ಒಂದು ನಲವತ್ತನ್ನು ನಿರೀಕ್ಷಿಸಿದ್ದರು.

"ನಿಮ್ಮ ದೇಹದ ವಯಸ್ಸು ಎಪ್ಪತ್ತೊಂದು. ಧನ್ಯವಾದಗಳು."

ಅಡುಗೆಮನೆಯಿಂದ ಹೆಂಡತಿ ಭಾನುಪ್ರಿಯ ಇಣುಕಿದರು. "ಇದನ್ನು ಹೇಳೋಕೆ ಪೆಟ್ಟಿಗೆ ಯಾಕ್ರೀ ಬೇಕಿತ್ತು? ನನ್ನ ಕೇಳಿದ್ರೆ ನಾನೇ ಹೇಳ್ತಿರಲಿಲ್ವಾ?"

"ರಾತ್ರಿ ನಿದ್ದೆ ಸರಿಯಾಗಿಲ್ಲ ಭಾನು, ಅದಕ್ಕೆ ಹೀಗೆ. ನೀನು ಒಂದ್ಸಲ ನೋಡು ಬಾ."

"ನನ್ನ ವಯಸ್ಸು ನನಗೆ ಗೊತ್ತು. ನಿಮ್ಮ ಪೆಟ್ಟಿಗೆಗೆ ಗೊತ್ತಾಗೋದು ಬೇಡ" ಎಂದು ಆಕೆ ಒಳಗೆ ಹೋದರು.

ಪುಟ್ಟಮಾದಯ್ಯನವರು ವೈಜ್ಞಾನಿಕವಾಗಿ ಚಿಂತಿಸಿ ಒಂದು ನಿರ್ಧಾರಕ್ಕೆ ಬಂದರು. ತಮ್ಮ ವಿಷಯದಲ್ಲಿ ಪೆಟ್ಟಿಗೆ ತಪ್ಪು ಹೇಳಿದೆ. ಶರ್ಫುನ್ನೀಸಾ ವಿಷಯದಲ್ಲಿ ಸರಿಯಾಗಿ ಹೇಳಿದೆ.

ಅಷ್ಟರಲ್ಲಿ ಸುದ್ದಿ ಗಲ್ಲಿಯ ಆ ತುದಿ ಮುಟ್ಟಿತ್ತು. ಮೊದಲು ಬಂದವನು ಶರ್ಫುನ್ನೀಸಾ ಮಗ ಮೆಹಬೂಬ್. ಮನೆಯ ಮುಂದುಗಡೆಯೇ ಕಡೆಯುವ ಯಂತ್ರ ಇಟ್ಟುಕೊಂಡು ಮರದ ಬೊಂಬೆ ಮಾಡುವವನು. ಮೈಯೆಲ್ಲ ಮರದ ಪುಡಿ. "ಏನ್ ಡಾಕ್ಟ್ರೇ, ನಮ್ಮಮ್ಮಿಗೆ ಏನೋ ಹೇಳ್ಬುಟ್ರಂತೆ? ಕನ್ನಡಿ ಮುಂದೆ ಕೂತವ್ರೆ, ಚಾ ಮಾಡಲ್ಲ ಅಂತವ್ರೆ" ಎನ್ನುತ್ತ ತಾನೂ ಕಣ್ಣಿಟ್ಟ. ಅವನಿಗೆ ನಲವತ್ತೈದು ವರ್ಷ. ಪೆಟ್ಟಿಗೆ ನಲವತ್ತೊಂಬತ್ತು ಎಂದಿತು.

ಮೆಹಬೂಬ್ ಬಹಳ ಹೊತ್ತು ಲೆಕ್ಕ ಹಾಕಿದ. "ಅಂದ್ರೆ ನಮ್ಮಮ್ಮಿ ಹುಟ್ಟಿದಾಗ ನನಗೆ ಇಪ್ಪತ್ತೆರಡು ವರ್ಷ ಆಗಿತ್ತಾ?"

"ಹಾಗಲ್ಲಪ್ಪ. ಅದು ದೇಹದ ವಯಸ್ಸು, ಇದು ಹುಟ್ಟಿದ ವಯಸ್ಸು" ಎಂದು ಪುಟ್ಟಮಾದಯ್ಯನವರು ಶುರುಮಾಡಿದರು. ಕೇಳಲು ಅವನು ನಿಲ್ಲಲಿಲ್ಲ. ಬಾಗಿಲಲ್ಲಿ ಎದುರು ಮನೆಯ ಸಿದ್ದಯ್ಯ, ಅವನ ಹೆಂಡತಿ ಮಾಯಮ್ಮ ಆಗಲೇ ಚಪ್ಪಲಿ ಬಿಡುತ್ತಿದ್ದರು.

ಸಿದ್ದಯ್ಯನಿಗೆ ಎಪ್ಪತ್ತಾರು. ರೇಷ್ಮೆ ಬೆಳೆ ಮಗನಿಗೆ ಬಿಟ್ಟುಕೊಟ್ಟು ಎರಡು ಹಸು ಇಟ್ಟುಕೊಂಡು ಜಗುಲಿಯ ಮೇಲೆ ಕೂತು ಬೀಡಿ ಸೇದುವ ಮನುಷ್ಯ. ಮಾಯಮ್ಮ ಅವನಿಗಿಂತ ಎಂಟು ವರ್ಷ ಚಿಕ್ಕವಳು. ದಿನಕ್ಕೆ ಎಂಟು ಗಂಟೆ ಅವನಿಗಿಂತ ಹೆಚ್ಚು ದುಡಿಯುವವಳು. ಪೆಟ್ಟಿಗೆ ಸಿದ್ದಯ್ಯನ ಕಣ್ಣು ನೋಡಿ ಇಪ್ಪತ್ತಾರು ಎಂದಿತು. ಮಾಯಮ್ಮನ ಕಣ್ಣು ನೋಡಿ ಎಂಬತ್ತೊಂದು ಎಂದಿತು. ಇಬ್ಬರಿಗೂ ಧನ್ಯವಾದ ಹೇಳಿತು.

ಸಿದ್ದಯ್ಯ ಹೆಗಲ ಮೇಲಿನ ಟವೆಲ್ಲು ಕೊಡವಿ, ಎದೆ ಉಬ್ಬಿಸಿ, "ನಾನು ಆಗ್ಲೇ ಅಂದ್ಕಂಡಿದ್ದೆ ಕಣಮ್ಮಿ. ಮಂಡಿ ಒಸಿ ನೋಯ್ತದೆ ಅನ್ನೋದ್ ಬುಟ್ರೆ ನಂಗೇನಾಗೈತೆ?" ಎಂದ.

"ಆಗೈತೆ ಕಣಯ್ಯ, ನಿಂಗೆ ಮೊಮ್ಮಗನ ವಯಸ್ಸಾಗೈತೆ!" ಮಾಯಮ್ಮನ ದನಿ ರೇಷ್ಮೆಗೂಡಿನ ಮಾರುಕಟ್ಟೆಯ ಹರಾಜಿನ ಎತ್ತರಕ್ಕೆ ಏರಿತು. "ಕೂತು ತಿಂದೋನಿಗೆ ಇಪ್ಪತ್ತಾರು, ಸಗಣಿ ಬಾಚ್ದೋಳ್ಗೆ ಎಂಬತ್ತೊಂದು. ಡಾಕ್ಟ್ರಪ್ಪ, ಇದು ಗಂಡಸ್ರು ಮಾಡಿರೋ ಮಿಶೀನಲ್ವಾ? ಅದಕ್ಕೇ ಇಂಗೆ ಏಳ್ತದೆ."

ಪುಟ್ಟಮಾದಯ್ಯನವರಿಗೆ ಅವಳ ಮಾತು ಕೇಳಿಸಲೇ ಇಲ್ಲ. ಕಿವಿಯಲ್ಲಿ ಚಪ್ಪಾಳೆ ಮೊಳಗುತ್ತಿತ್ತು. ಒಂದೇ ಗಲ್ಲಿಯಲ್ಲಿ ಇಬ್ಬರು ಮುದುಕರು, ಇಬ್ಬರ ದೇಹವೂ ಯೌವನದಲ್ಲಿ! ಹಾಗಾದರೆ ಈ ಗಲ್ಲಿಯಲ್ಲಿ ಏನೋ ಇದೆ. ನೀರಲ್ಲೋ, ಗಾಳಿಯಲ್ಲೋ, ಅನ್ನದಲ್ಲೋ, ಮುಪ್ಪನ್ನು ಹಿಮ್ಮೆಟ್ಟಿಸುವ ಯಾವುದೋ ಒಂದು ವಸ್ತು. ಜಗತ್ತು ಹುಡುಕುತ್ತಿರುವುದು ತಮ್ಮ ಮನೆಯ ಎದುರಿನ ಜಗುಲಿಯ ಮೇಲೆ ಬೀಡಿ ಸೇದುತ್ತ ಕೂತಿದೆ. ಅವರು ತಕ್ಷಣ ನಿರ್ದೇಶಕರಿಗೆ ಫೋನು ಮಾಡಿದರು. "ಸಾರ್, ಪೆಟ್ಟಿಗೆ ಅಷ್ಟೇ ಅಲ್ಲ. ಯೌವನದ ಗುಟ್ಟೇ ಸಿಕ್ಕಿದೆ ಸಾರ್. ಚನ್ನಪಟ್ಟಣದಲ್ಲಿ."

"ವೆರಿ ಗುಡ್. ನಾಲ್ಕು ಗಂಟೆಗೆ ಅಲ್ಲಿರ್ತೀನಿ" ಎಂದರು ಪಟ್ಟಾಭಿರಾಮ್.

ನಾಲ್ಕು ಗಂಟೆಯೊಳಗೆ ಗುಟ್ಟು ಕೈಗೆ ಸಿಗಬೇಕಿತ್ತು. ಪುಟ್ಟಮಾದಯ್ಯನವರು ಸಿದ್ದಯ್ಯನ ಜಗುಲಿಗೆ ಹೋಗಿ ಕೂತರು.

"ಯಜಮಾನ್ರೇ, ದಿನಾ ಏನು ತಿಂತೀರಿ?"

"ಮುದ್ದೆ, ಹುರುಳಿಕಾಳು ಸಾರು. ಇನ್ನೇನ್ ತಿಂದಾರು ಮನ್ಸ?"

"ನಿಮ್ಮ ಮನೆಯವರೂ ಅದನ್ನೇ ತಿಂತಾರಲ್ಲ. ಅವರು ತಿನ್ನದೇ ಇರೋದು, ನೀವು ಮಾತ್ರ ತಗೊಳ್ಳೋದು ಏನಾದರೂ ಇದೆಯಾ?"

ಸಿದ್ದಯ್ಯ ತಲೆ ಕೆರೆದುಕೊಂಡ. "ಬೀಡಿ ಐತೆ."

ಇಪ್ಪತ್ತೆರಡು ವರ್ಷದ ಸಂಶೋಧನೆಯಲ್ಲಿ ಪುಟ್ಟಮಾದಯ್ಯನವರು ಇಷ್ಟು ಧೈರ್ಯದ ಪ್ರಯೋಗ ಮಾಡಿರಲಿಲ್ಲ. ಒಂದು ಬೀಡಿ ಇಸಿದುಕೊಂಡು ಹಚ್ಚಿ ಒಂದು ದಮ್ಮು ಎಳೆದರು. ಕಣ್ಣಲ್ಲಿ ನೀರು ಬಂತು, ಕೆಮ್ಮು ಬಂತು, ಎರಡು ಹಸುಗಳೂ ಹಗ್ಗ ಜಗ್ಗಿ ಅವರ ಕಡೆ ತಿರುಗಿದವು. ಯೌವನ ಮಾತ್ರ ಬರಲಿಲ್ಲ. ಆಗ ಶರ್ಫುನ್ನೀಸಾ ಬೀಡಿ ಸೇದುವುದಿಲ್ಲ ಎಂಬುದು ನೆನಪಾಗಿ ಅವರು ಮೆಹಬೂಬನ ಅಂಗಡಿಗೆ ಓಡಿದರು.

ಶರ್ಫುನ್ನೀಸಾ ಅಲ್ಲಿ ಹಸಿರು ಬಳೆ ತೊಟ್ಟು ಕೂತಿದ್ದರು. ಅವರು ಯೋಚಿಸಿ ಹೇಳಿದ್ದು ಇಷ್ಟು: "ನಾನು ಚಿಕ್ಕಂದಿನಿಂದ ಅರಗಿನ ವಾಸನೆ ಕುಡಿದು ಬೆಳೆದೋಳು ಸಾಬ್." ತಿರುಗುವ ಬೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಬಿಸಿಗೆ ಕರಗಿ ಹತ್ತಿಕೊಳ್ಳುತ್ತದಲ್ಲ, ಆ ಅರಗು. ಪುಟ್ಟಮಾದಯ್ಯನವರು ತಿರುಗುತ್ತಿದ್ದ ಬೊಂಬೆಯ ಹತ್ತಿರ ಮೂಗು ತಂದು ಆಳವಾಗಿ ಉಸಿರೆಳೆದರು.

"ಉಷಾರು ಡಾಕ್ಟ್ರೇ, ತಿರುಗ್ತೈತೆ" ಎಂದು ಮೆಹಬೂಬ್ ಹೇಳುವಷ್ಟರಲ್ಲಿ ವಿಜ್ಞಾನದ ಮೂಗು ಬೊಂಬೆಗೆ ತಾಗಿತ್ತು. ಮನೆಗೆ ವಾಪಸಾದಾಗ ಅವರ ಮೂಗಿನ ತುದಿ ಚನ್ನಪಟ್ಟಣದ ಅಪ್ಪಟ ಕೆಂಪು ಬಣ್ಣದಲ್ಲಿ ಹೊಳೆಯುತ್ತಿತ್ತು. ಅರಗು ತೊಳೆದರೆ ಹೋಗುವುದಿಲ್ಲ. ಅದಕ್ಕೇ ಅದು ಹೆಸರುವಾಸಿ.

ಮನೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ಆ ಬೀದಿಯಲ್ಲಿ ಮೊಬೈಲಿನಲ್ಲೇ ಸುದ್ದಿ ಚಾನೆಲ್ ನಡೆಸುವ ನಾಗರಾಜು ಎಂಬುವನಿದ್ದ. ಎಮ್ಮೆ ಚರಂಡಿಗೆ ಬಿದ್ದರೂ ನೇರ ಪ್ರಸಾರ ಮಾಡುವವನು. ಅವನು ಮೇಜಿನ ಮುಂದೆ ನಿಂತು ಮೊಬೈಲಿಗೆ ಹೇಳುತ್ತಿದ್ದ: "ವೀಕ್ಷಕರೇ, ಮುದುಕರನ್ನು ಯುವಕರನ್ನಾಗಿ ಮಾಡುವ ಯಂತ್ರ! ಮುದುಕರನ್ನು ಯುವಕರನ್ನಾಗಿ ಮಾಡುವ ಯಂತ್ರ!"

"ಮಾಡೋದಲ್ಲಯ್ಯ, ಹೇಳೋದು! ವಯಸ್ಸು ಹೇಳೋದು ಅಷ್ಟೇ!" ಎಂದು ಪುಟ್ಟಮಾದಯ್ಯನವರು ಕೂಗಿಕೊಂಡರು.

"ವೀಕ್ಷಕರೇ, ಇದೀಗ ಕೆಂಪು ಮೂಗಿನ ವಿಜ್ಞಾನಿ ಸ್ಥಳಕ್ಕೆ ಆಗಮಿಸಿದ್ದಾರೆ" ಎಂದ ನಾಗರಾಜು.

ಪ್ರಸಾರ ನೋಡಿದವರು ನೋಡಿದ ಹಾಗೇ ಹೊರಟು ಬಂದಿದ್ದರು. ಕಬ್ಬಾಳಿಗೆ ಹೊರಟಿದ್ದ ಒಂದು ಟೆಂಪೋ ದಾರಿ ಬದಲಿಸಿ ಗಲ್ಲಿಯ ಬಾಯಲ್ಲಿ ನಿಂತಿತ್ತು. ಕಬ್ಬಾಳಮ್ಮನಿಗೆ ತಂದ ಹಣ್ಣುಕಾಯಿಯಲ್ಲಿ ಅರ್ಧ ಪೆಟ್ಟಿಗೆಯ ಮುಂದಿತ್ತು. ಯಾರೋ ಅದಕ್ಕೆ ಕುಂಕುಮವನ್ನೂ ಇಟ್ಟಿದ್ದರು. ವಿರೂಪಾಕ್ಷಿಪುರದಿಂದ ಸರಸಮ್ಮ ಎಂಬಾಕೆ ಮಗನನ್ನು ಕೈಹಿಡಿದು ಎಳೆತಂದಿದ್ದಳು. ನಾಲ್ಕು ಎಕರೆ ತೋಟ, ಎರಡು ಬೋರು, ನಲವತ್ತೊಂದು ವರ್ಷ. ಹೆಣ್ಣು ಸಿಕ್ಕಿರಲಿಲ್ಲ.

"ಸ್ವಾಮಿ, ಇವನ್ಗೆ ಇಪ್ಪತ್ತೆಂಟು ಅಂತ ಏಳ್ಸಿಬುಡಿ. ಎಲ್ಲಾ ಕಡೆ ವಯಸ್ಸಾಯ್ತು ಅಂತ ಒಲ್ಲೆ ಅಂತವ್ರೆ. ಮಿಶೀನೇ ಏಳ್ತು ಅಂದ್ರೆ ಒಪ್ಕತಾರೆ."

"ತಾಯಿ, ನಾನು ಹೇಳ್ಸೋದಲ್ಲ. ಅದೇ ಹೇಳುತ್ತೆ."

"ಅದ್ಕೆ ನೀವು ಏಳಿಕೊಟ್ರೆ ತಾನೆ ಅದು ಏಳೋದು?"

ಮಗ ನಾಚುತ್ತ ಕಣ್ಣಿಟ್ಟ. ನಾಗರಾಜು ಮೊಬೈಲನ್ನು ಅವನ ಮುಖಕ್ಕೆ ಹಿಡಿದ. ಇಡೀ ತಾಲ್ಲೂಕು ಕೇಳುವಂತೆ ಪೆಟ್ಟಿಗೆ ಹೇಳಿತು: "ನಿಮ್ಮ ದೇಹದ ವಯಸ್ಸು ನಲವತ್ತಾರು. ಧನ್ಯವಾದಗಳು."

ಸರಸಮ್ಮ ಮೊದಲು ಅತ್ತಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾಳೀಕೆ ರಾಮನಗರದಿಂದ ಒಂದು ಸಂಬಂಧ ಬರೋದಿತ್ತು, ಅದಕ್ಕೂ ಕಲ್ಲಾಕ್ಬುಟ್ರಲ್ಲ! ನೀವು ಅದ್ಯಾವ ಡಾಕ್ಟ್ರು?" ಎಂದು ಅವಳು ಮುಂದೆ ಬಂದಾಗ, "ನಾನು ಆ ಡಾಕ್ಟರಲ್ಲ" ಎಂದು ಪುಟ್ಟಮಾದಯ್ಯನವರು ಜೀವನದಲ್ಲಿ ಮೊದಲ ಸಲ ಗತ್ತಿಲ್ಲದೆ ಹೇಳಿದರು.

ಆದರೂ ಅವರು ಎದೆಗುಂದಲಿಲ್ಲ. ಬಂದವರ ಪೈಕಿ ಇನ್ನೂ ಐದಾರು ಜನ ಮುದುಕರಿಗೆ ಇಪ್ಪತ್ತೈದು, ಇಪ್ಪತ್ತೆಂಟು, ಮೂವತ್ತು ಎಂದು ಬಂದಿತ್ತು. ರೇಷ್ಮೆ ನೂಲು ತೆಗೆಯುತ್ತಿದ್ದ ಖಾಸಿಂ ಸಾಬರಿಗೆ ಎಂಬತ್ತಾಗಿತ್ತು. ಪೆಟ್ಟಿಗೆ ಇಪ್ಪತ್ತನಾಲ್ಕು ಎಂದ ಮೇಲೆ ಅವರು ಊರುಗೋಲನ್ನು ಮೂಲೆಗೆ ಎಸೆದು, ಎರಡು ಹೆಜ್ಜೆ ನಡೆದು, ಈಗ ಸೋಫಾದ ಮೇಲೆ ಮಲಗಿದ್ದರು. ಗುಟ್ಟು ಒಂದು ಗಲ್ಲಿಯದ್ದಲ್ಲ, ಇಡೀ ತಾಲ್ಲೂಕಿನದು ಎಂದು ಪುಟ್ಟಮಾದಯ್ಯನವರು ಮನಸ್ಸಿನಲ್ಲೇ ಭಾಷಣದ ಮೊದಲ ಸಾಲು ತಿದ್ದಿಕೊಂಡರು. ಈ ಊರಿನ ಹೆಸರು ಇನ್ನು ಮುಂದೆ ಬೊಂಬೆಯಿಂದಲ್ಲ, ತಮ್ಮಿಂದ ಉಳಿಯುತ್ತದೆ.

ಆಗಲೇ ಮಾಯಮ್ಮ ಮತ್ತೆ ಬಂದದ್ದು. ಗಂಡನ ಮೇಲಿನ ಸಿಟ್ಟು ಅವಳಿಗೆ ಇಳಿದಿರಲಿಲ್ಲ. ಸಿದ್ದಯ್ಯ ಜನರ ಮಧ್ಯೆ ಕುರ್ಚಿ ಹಾಕಿಕೊಂಡು ಕೂತು, ತನ್ನ ಬೀಡಿಯ ಬ್ರಾಂಡಿನ ಹೆಸರು ಹೇಳುತ್ತಿದ್ದ. "ಈ ವಯ್ಯನ ಬಂಡ್ವಾಳ ನಾನು ಏಳ್ತೀನಿ ಕೇಳಿ" ಎಂದು ಅವಳು ಶುರುಮಾಡಿದಳು. "ಮದ್ವೆ ಆದಾಗಿಂದ ಬರೀ ತನ್ನ ಸುಖವೇ ನೋಡ್ಕಂಡೋನು. ಓದ್ ವರ್ಸ ಇಸ್ಕೂಲ್ ತಾವ ಬಿಟ್ಟಿ ಕಣ್ಣಿನ ಕ್ಯಾಂಪು ಮಾಡಿದ್ರಲ್ಲ, ನಂಗೂ ಪೊರೆ ಬಂದೈತೆ ಕರ್ಕಂಡ್ ಓಗು ಅಂದೆ. ಹಸ ನೋಡ್ಕಳರು ಯಾರು ಅಂತ ನನ್ನ ಮನೇಲಿ ಬುಟ್ಟು, ತಾನೊಬ್ನೇ ಓಗಿ ಎರಡು ಕಣ್ಗೂ ಒಸಾ ಲೆನ್ಸು ಆಕಿಸ್ಕಂಡ್ ಬಂದ. ಇವಳು ಶರ್ಫಮ್ಮನೂ ಓದ್ಲು. ಖಾಸಿಂ ಸಾಬ್ರನ್ನ ಎತ್ಕಂಡ್ ಓದ್ರು. ನಾನೊಬ್ಳು ಇಲ್ಲಿ ಸಗಣಿ ಬಾಚ್ಕಂಡ್ ಕೂತಿದ್ದೆ."

ಪುಟ್ಟಮಾದಯ್ಯನವರ ಕೆಂಪು ಮೂಗೊಂದನ್ನು ಬಿಟ್ಟು ಮಿಕ್ಕ ಮುಖವೆಲ್ಲ ಬಿಳಿಚಿಕೊಂಡಿತು.

"ಪೊರೆ ತೆಗೆಸ್ಕೊಂಡೋರು... ಯಾರ‍್ಯಾರು ಇದೀರಿ? ಕೈ ಎತ್ತಿ" ಎಂದು ಕ್ಷೀಣವಾಗಿ ಕೇಳಿದರು.

ಕೈಗಳು ಎದ್ದವು. ಶರ್ಫುನ್ನೀಸಾ ಬಳೆ ಗಲ್ಲೆನಿಸಿ ಎತ್ತಿದರು. ಸಿದ್ದಯ್ಯ ಕೂತಲ್ಲಿಂದ ಎತ್ತಿದ. ಖಾಸಿಂ ಸಾಬರು ಮಲಗಿದಲ್ಲಿಂದ ಎತ್ತಿದರು. ಯೌವನ ಬಂದಿದ್ದ ಪ್ರತಿಯೊಬ್ಬ ಮುದುಕನ ಕೈಯೂ ಮೇಲಿತ್ತು. ಬೇರೆ ಒಂದು ಕೈಯೂ ಇರಲಿಲ್ಲ.

ತಿಳಿಯಾದ ಮಸೂರ ಕಂಡರೆ ಎಳೆ ವಯಸ್ಸು, ಮಬ್ಬಾದ ಮಸೂರ ಕಂಡರೆ ಮುಪ್ಪು. ಪೆಟ್ಟಿಗೆ ಕಲಿತದ್ದು ಅಷ್ಟೇ. ನರ, ನಾಳಗಳ ಗೊಡವೆಗೆ ಅದು ಹೋಗಿಯೇ ಇರಲಿಲ್ಲ. ಹೊಸದಾಗಿ ಕೂರಿಸಿದ ಪ್ಲಾಸ್ಟಿಕ್ಕಿನ ಲೆನ್ಸನ್ನು ನೋಡಿ ಅದು ಮರುಳಾಗಿತ್ತು. ಇದನ್ನು ಪುಟ್ಟಮಾದಯ್ಯನವರು ಮೊದಲೇ ಯೋಚಿಸಬಾರದಿತ್ತೇ ಎಂದರೆ, ಯೋಚಿಸುವುದು ಹೇಗೆ? ಇಪ್ಪತ್ತೆರಡು ವರ್ಷ ಅವರು ಒಡನಾಡಿದ್ದು ಹುಳುವಿನ ಜೊತೆ. ಹುಳುವಿಗೆ ಕಣ್ಣೇ ಇಲ್ಲ. ಕಣ್ಣಿಲ್ಲದ ಮೇಲೆ ಪೊರೆಯೂ ಇಲ್ಲ. ಯಾವ ಹುಳುವೂ ಬಿಟ್ಟಿ ಕ್ಯಾಂಪಿಗೆ ಹೋಗಿ ಬಂದಿರಲಿಲ್ಲ.

ಜೊತೆಗೆ ಇನ್ನೊಂದು ವಿಚಾರವೂ ತಟ್ಟನೆ ಹೊಳೆಯಿತು. ಈಚೆಗೆ ಹೆದ್ದಾರಿಯಲ್ಲಿ ಎದುರು ಬರುವ ಗಾಡಿಗಳ ದೀಪ ಕಣ್ಣಿಗೆ ಚುಚ್ಚುತ್ತಿತ್ತು. ಲಾರಿಯವರನ್ನು ಬೈದುಕೊಳ್ಳುತ್ತಿದ್ದರು. ಪೊರೆ ತಮಗೂ ಬರುತ್ತಿದೆ, ಎಪ್ಪತ್ತೊಂದು ಯಾಕೆ ಬಂತೆಂದು ಈಗ ತಿಳಿಯಿತು.

ಹೊರಗೆ ಕಾರಿನ ಹಾರನ್ ಕೇಳಿಸಿತು. ನಿರ್ದೇಶಕರು ಗಲ್ಲಿಯ ಬಾಯಿಗೆ ಬಂದಿದ್ದರು. ಟೆಂಪೋ ಅಡ್ಡವಿದ್ದದ್ದರಿಂದ ಕೊಂಚ ಸಮಯ ಸಿಕ್ಕಿತು. ಪುಟ್ಟಮಾದಯ್ಯನವರು ಅಡುಗೆಮನೆಯಿಂದ ಚಾಕು ತಂದು, ಪೆಟ್ಟಿಗೆಯ ಪ್ಲಗ್ಗು ಕಿತ್ತು, ಯಾರಿಗೂ ಕಾಣದಂತೆ ವೈರನ್ನು ಎರಡು ತುಂಡು ಮಾಡಿ, "ಅಯ್ಯೋ, ಕೆಟ್ಟುಹೋಯಿತು! ಎಲ್ಲ ಮನೆಗೆ ಹೋಗಿ" ಎಂದು ಕೂಗಿದರು.

ಗಲ್ಲಿಯ ಜನ ಕಷ್ಟದಲ್ಲಿರುವವರನ್ನು ಬಿಟ್ಟು ಹೋಗುವವರಲ್ಲ. ಬಿಟ್ಟು ಹೋಗಿದ್ದರೆ ಚೆನ್ನಾಗಿತ್ತು.

"ಒಸಿ ತಡೀರಿ ಡಾಕ್ಟ್ರೇ, ವೈರ್ ಕಟ್ಟಾಗೈತೆ ಅಷ್ಟೇ. ಇಲಿ ಕಡಿದಿರ್ತದೆ" ಎಂದು ಮೆಹಬೂಬ್ ಕೂತುಬಿಟ್ಟ.

"ಬೇಡ ಮೆಹಬೂಬ್, ಶಾಕ್ ಹೊಡೆಯುತ್ತೆ."

"ನೀವು ನಮಗೋಸ್ಕರ ಇಷ್ಟು ಮಾಡ್ತೀರಿ, ನಾನಿಷ್ಟು ಮಾಡ್ಬಾರ್ದಾ?" ಎಂದು ಅವನು ವೈರಿನ ತುದಿ ಹೆರೆದು, ಹೊಸೆದು, ಟೇಪು ಸುತ್ತಿ ಪ್ಲಗ್ಗು ಚುಚ್ಚಿದ. ಪೆಟ್ಟಿಗೆ ಗುಯ್ಯೆಂದು ಎಚ್ಚರವಾಯಿತು. ಬಾಗಿಲಲ್ಲಿ ಡಾ. ಪಟ್ಟಾಭಿರಾಮ್ ನಿಂತಿದ್ದರು.

ಎತ್ತರದ ಮನುಷ್ಯ, ಬೆಳ್ಳನೆಯ ಮೀಸೆ, ಒಂದು ಕೈ ಸೊಂಟದ ಮೇಲೆ. ಹಣ್ಣುಕಾಯಿ, ಕುಂಕುಮ, ಸೋಫಾದ ಮೇಲಿನ ಖಾಸಿಂ ಸಾಬರು, ಕೊನೆಗೆ ಪುಟ್ಟಮಾದಯ್ಯನವರ ಮೂಗು, ಎಲ್ಲವನ್ನೂ ಒಂದು ಸುತ್ತು ನೋಡಿದರು. "ಏನ್ರೀ ಇದು, ಜಾತ್ರೆ?"

"ಸಾರ್, ಯಂತ್ರದಲ್ಲಿ ಸ್ವಲ್ಪ ತೊಂದರೆ... ಇನ್ನೊಂದು ದಿನ..."

"ಏನ್ ತೊಂದ್ರೆನೂ ಇಲ್ಲ ಸಾಮಿ, ನಾನ್ ರಿಪೇರಿ ಮಾಡೀವ್ನಿ" ಎಂದ ಮೆಹಬೂಬ್.

"ನಂಗೆ ಇಪ್ಪತ್ತಾರು ಬಂದೈತೆ ಸಾಮಿ" ಎಂದ ಸಿದ್ದಯ್ಯ.

"ವೀಕ್ಷಕರೇ, ಬೆಂಗಳೂರಿನ ದೊಡ್ಡ ವಿಜ್ಞಾನಿಗಳು ಆಗಮಿಸಿದ್ದಾರೆ" ಎಂದ ನಾಗರಾಜು.

ಪಟ್ಟಾಭಿರಾಮ್ ಅರ್ಧ ನಗುತ್ತ ಕುರ್ಚಿ ಎಳೆದುಕೊಂಡರು. "ನನ್ನದೂ ನೋಡಿಬಿಡಲಿ. ಮಂಡಿ ಹೋಗಿದೆ, ಮರೆವು ಬಂದಿದೆ. ತೊಂಬತ್ತು ಅಂತ ಹೇಳಿದರೂ ಬೇಜಾರಿಲ್ಲ. ಹೇಗೂ ಈ ತಿಂಗಳಿಗೆ ಕುರ್ಚಿ ನಿಮ್ಮದೇ ಅಲ್ಲವೇನ್ರೀ" ಎಂದು ಕೊರಳಿಗೆ ನೇತುಹಾಕಿದ್ದ ಕನ್ನಡಕ ತೆಗೆದು, ಓದಲು ಮಾತ್ರ ಹಾಕಿಕೊಳ್ಳುವುದೆಂದು ಹೇಳಿ ಜೇಬಿಗಿಟ್ಟರು.

ಓದಲು ಮಾತ್ರ. ಎಪ್ಪತ್ತರ ಮೇಲೆ, ದೂರಕ್ಕೆ ಕನ್ನಡಕವೇ ಬೇಡ. ಇವರೂ ಲೆನ್ಸಿನವರೇ ಎಂದು ಪುಟ್ಟಮಾದಯ್ಯನವರಿಗೆ ಗೊತ್ತಾಯಿತು. "ಸಾರ್, ಒಂದು ನಿಮಿಷ" ಎಂದು ಕೈ ಚಾಚುವಷ್ಟರಲ್ಲಿ ಮಿಂಚು ಹೊಡೆದಿತ್ತು.

"ನಿಮ್ಮ ದೇಹದ ವಯಸ್ಸು ಇಪ್ಪತ್ತೊಂಬತ್ತು. ಧನ್ಯವಾದಗಳು."

ಜನ ಚಪ್ಪಾಳೆ ಹೊಡೆದರು. ಟೆಂಪೋದಿಂದ ಬಂದವರು ಶಿಳ್ಳೆ ಹಾಕಿದರು. ಪಟ್ಟಾಭಿರಾಮ್ ನಿಧಾನವಾಗಿ ಮುಖ ಎತ್ತಿದರು. ಸೊಂಟದ ಮೇಲಿದ್ದ ಕೈ ತಾನಾಗಿ ಕೆಳಗಿಳಿಯಿತು. ಪರೀಕ್ಷೆಯಲ್ಲಿ ಪಾಸಾದ ಹುಡುಗನ ಹಾಗೆ ಅವರ ಕೆನ್ನೆ ಕೆಂಪಾಯಿತು.

"ಇಪ್ಪತ್ತೊಂಬತ್ತು! ಏನ್ರೀ ಪುಟ್ಟಮಾದಯ್ಯ, ಇದು ನಿಜವೇ?"

"ಸಾರ್... ನಿಮ್ಮ ಕಣ್ಣಿಗೆ ಏನಾದರೂ ಆಪರೇಷನ್..."

"ಹೌದು, ಎರಡೂ ಕಣ್ಣಿಗೂ ಆಗಿದೆ. ಒಳ್ಳೇ ಲೆನ್ಸ್ ಹಾಕಿದ್ದಾರೆ. ಯಾಕೆ? ಅದರಿಂದ ಯಂತ್ರದಲ್ಲಿ ತಪ್ಪೇನಾದರೂ ಬರುತ್ತೇನು?"

ನಾಗರಾಜು ಮೊಬೈಲನ್ನು ಪುಟ್ಟಮಾದಯ್ಯನವರ ಬಾಯಿಯ ಹತ್ತಿರ ತಂದ. ಹೌದು ಎಂದರೆ ಪೆಟ್ಟಿಗೆ ಸುಳ್ಳು, ಬೆಳಿಗ್ಗೆ ಫೋನಿನಲ್ಲಿ ಹೇಳಿದ ಯೌವನದ ಗುಟ್ಟು ಸುಳ್ಳು. ಹುಳುವಿನ ಎರಡು ದಿನ ಬಿಟ್ಟರೆ ಅವರ ಹೆಸರಿನಲ್ಲಿ ಏನೂ ಉಳಿಯುವುದಿಲ್ಲ. ಇಲ್ಲ ಎಂದರೆ ಈ ಇಪ್ಪತ್ತೊಂಬತ್ತರ ತರುಣ ಆ ಕುರ್ಚಿಯಿಂದ ಏಳುವುದಿಲ್ಲ. ನಿಜ ಹೇಳುವುದಕ್ಕೆ ಬೇಕಾದ ಧೈರ್ಯವನ್ನು ಪುಟ್ಟಮಾದಯ್ಯನವರು ತಮ್ಮೊಳಗೆ ಹುಡುಕಿದರು. ಬೆಳಿಗ್ಗೆ ಆ ಬೀಡಿಗೆ ಖರ್ಚಾದದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ.

"ಇಲ್ಲ ಸಾರ್" ಎಂದರು. "ಯಂತ್ರ ಸರಿಯಾಗೇ ಇದೆ."

"ಭೇಷ್!" ಪಟ್ಟಾಭಿರಾಮ್ ಎದ್ದು ಅವರನ್ನು ತಬ್ಬಿಕೊಂಡರು. "ನನ್ನ ಕಣ್ಣು ತೆರೆಸಿದಿರಿ. ಸುಮ್ಮನೆ ವಯಸ್ಸಾಯಿತು ಅಂತ ಮನೆಗೆ ಹೊರಟಿದ್ದೆ. ಟ್ರಸ್ಟಿನವರಿಗೆ ಈಗಲೇ ಹೇಳ್ತೀನಿ, ಇನ್ನು ಹತ್ತು ವರ್ಷ ನಾನೇ ಅಂತ." ಅಲ್ಲೇ ಫೋನು ತೆಗೆದು ಹೇಳಿಯೂ ಬಿಟ್ಟರು. ಆಚೆಯಿಂದ ಸಂತೋಷದ ಮಾತು ಬಂದದ್ದು ಎಲ್ಲರಿಗೂ ಕೇಳಿಸಿತು. ಫೋನು ಜೇಬಿಗಿಟ್ಟು, ಉತ್ಸಾಹದಿಂದ ಅಂಗೈ ಉಜ್ಜಿಕೊಂಡು ಕೇಳಿದರು: "ಅದಿರಲಿ, ನಿಮ್ಮದು ಎಷ್ಟು ಬಂತು?"

"ನನ್ನದು ನೋಡಿಲ್ಲ ಸಾರ್."

"ನೋಡಿದಾರೆ. ಎಪ್ಪತ್ತೊಂದು" ಎಂದರು ಕಾಫಿ ತಟ್ಟೆ ಹಿಡಿದು ಬಂದ ಭಾನುಪ್ರಿಯ. ಅತಿಥಿಗಳ ಮುಂದೆ ಸುಳ್ಳು ಹೇಳುವುದು ಅವರ ತವರಿನಲ್ಲಿ ಅಭ್ಯಾಸವಿರಲಿಲ್ಲ.

ಪಟ್ಟಾಭಿರಾಮರ ಮುಖದಲ್ಲಿ ನಿಜವಾದ ಮರುಕ ಮೂಡಿತು. ಯುವಕರು ಮುದುಕರನ್ನು ನೋಡುವ ಮರುಕ. "ಎಪ್ಪತ್ತೊಂದೇ? ಛೆ ಛೆ, ಈ ಸ್ಥಿತಿಯಲ್ಲಿ ನಿಮ್ಮಿಂದ ಇಷ್ಟು ಕೆಲಸ ತೆಗೆಸಿದೆನಲ್ಲ, ತಪ್ಪಾಯಿತು. ದಿನಾ ಹಾರೋಹಳ್ಳಿಗೆ ಓಡಾಡೋದೆಲ್ಲ ಬೇಡ. ಈ ತಿಂಗಳಿಗೇ ನಿಮ್ಮನ್ನ ಗೌರವವಾಗಿ ಬೀಳ್ಕೊಡೋಣ. ಶಾಲು ಹಾರ ಎಲ್ಲ ಹೇಗೂ ನನಗೆ ಅಂತ ತರಿಸಿ ಆಗಿದೆ."

ಪುಟ್ಟಮಾದಯ್ಯನವರು ಕೈ ಚಾಚಿ ಮೇಜಿನ ಅಂಚನ್ನು ಹಿಡಿದುಕೊಂಡರು.

ಅದನ್ನು ಮೊದಲು ಗಮನಿಸಿದವನು ಸಿದ್ದಯ್ಯ. ಎಪ್ಪತ್ತಾರರ ಮಂಡಿಗಳನ್ನು ಲಟಲಟ ಎನ್ನಿಸುತ್ತ ಕುರ್ಚಿಯಿಂದೆದ್ದು, ಬಂದು ಅವರ ತೋಳು ಹಿಡಿದುಕೊಂಡ.

"ಬಾ ತಾತ, ಕೂತ್ಕ" ಎಂದ ಪ್ರೀತಿಯಿಂದ. "ನಾವು ಹುಡುಗ್ರು, ನಿಂತ್ಕತೀವಿ."